ಬೆರಳು ನಿಲ್ಲುವ ಕಡೆ

ಪಾಲಹಳ್ಳಿಯಿಂದ ಬಸ್ಸು ಹಿಡಿದು
ಮಂಡಿ ಮೊಹಲ್ಲಾದ ಈ ಗಲ್ಲಿ ಕೇಳಿಕೊಂಡು ಬಂದವಳು
ಪುಟ್ಟಲಿಂಗಮ್ಮ, ನರ್ಸರಿಯಲ್ಲಿ ಕಸಿ ಕಟ್ಟುವವಳು.
ಸೆರಗಿನ ಗಂಟು ಬಿಚ್ಚಿ ನನ್ನ ಮಣೆಯ ಮೇಲಿಟ್ಟಳು
ಒಂದು ಮಡಿಚುವ ಚಾಕು.
ಹಿಡಿಯ ಪ್ಲಾಸ್ಟಿಕ್ಕು ಎರಡೂ ಬದಿ ಉದುರಿ
ಹಿತ್ತಾಳೆ ಪಟ್ಟಿ ಬೆತ್ತಲೆ,
ಅದಕ್ಕೆ ಸೈಕಲ್ ಟ್ಯೂಬಿನ ಸುತ್ತು.

"ಅಲಗು ಸಂದಾಗದೆ ಸಾಬ್ರೆ, ಹಿಡಿ ಹಾಕ್ಕೊಡಿ.
ಮರ ನಾನೇ ತಂದೀವ್ನಿ."

ಪೇಪರು ಬಿಚ್ಚಿದರೆ ಮೊಳಕೈ ದಪ್ಪದ ಸಪೋಟದ ತುಂಡು.
ಅವಳ ಮೊದಲ ಕಸಿಯಂತೆ.
ರಸ್ತೆ ಅಗಲ ಮಾಡುವಾಗ ಕಡಿದರಂತೆ,
ಓಡಿಹೋಗಿ ಗಂಟಿನ ಕಡೆಯದನ್ನೇ ಕೊಯ್ಸಿಕೊಂಡು ಬಂದಳಂತೆ.
ಕೆಳಗೆ ಖಿರ್ಣಿ, ಮೇಲೆ ಸಪೋಟ.
ಉದ್ದಕ್ಕೆ ಸೀಳಿ ನೋಡಿದೆ. ಬಣ್ಣ ಎರಡು.
ಸೇರಿದ ಜಾಗದಲ್ಲಿ ಉಗುರು ಆಡಿಸಿದೆ,
ಸಿಗಲಿಲ್ಲ.

"ಎರಡೂ ಬದಿ ಬೀಟೆ ಹಾಕಿ
ನಡುವೆ ಇದರಲ್ಲೊಂದು ಆನೆ ಕೂರಿಸ್ತೀನಿ" ಅಂದೆ.
ನಲವತ್ತು ವರ್ಷ ನಾನು ಕೊಯ್ದಿರುವುದು ಆನೆಯನ್ನೇ:
ಅಂಬಾರಿ ಹೊತ್ತದ್ದು, ಹೊಳೆಯಲ್ಲಿ ನೀರು ಕುಡಿಯುವುದು,
ಹಲಸಿನ ಮರದ ಸೂರ್ಯ, ಹಾಲೆಮರದ ಚಂದ್ರ.
ಈಗ ಮಗ ತಬ್ರೇಜ್ ಮಷೀನಿನಲ್ಲಿ
ಗಂಟೆಗೆ ಮೂವತ್ತು ಆನೆ ಕೊಯ್ಯುತ್ತಾನೆ.

"ಆನೆ ಇಟ್ಕೊಂಡು ನಾನೇನು ದಸರಾ ಮಾಡ್ಲಾ?"
ಚಾಕು ಬಿಚ್ಚಿ ತೋರಿಸಿದಳು.
"ಈ ಅಲಗು ಒಂದ್ ಕಡೆ ಸಮ, ಒಂದ್ ಕಡೆ ಇಳುಕಲು.
ತಿರುಗ್ಸಿ ಹಿಡುದ್ರೆ ಕೊಯ್ತ ಡೊಂಕು,
ಡೊಂಕು ಕೊಯ್ತದ್ ಮ್ಯಾಲೆ ಕುಡಿ ಕೂರಾಕಿಲ್ಲ.
ಕಣ್ಣಿಗೆ ಪೊರೆ ಬಂದದೆ.
ಯಾವ ಕಡೆ ಅಂತ ಹೆಬ್ಬೆಟ್ಟಿಗೆ ಗೊತ್ತಾಗ್ಬೇಕು, ಅಷ್ಟೇಯ."

ಬೀಟೆಯ ಹಲಗೆ ತೆಳ್ಳಗೆ ಸೀಳಿದೆ.
ಹಿತ್ತಾಳೆ ಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಸುತ್ತು ಬರೆದೆ.
ಹಾಸಿಗೆಯಷ್ಟು ಬಾಗಿಲಿಗೆ ಪಳಗಿದ ಕೈ
ಬೆರಳುದ್ದದ ಹಿಡಿಗೆ ನಡುಗಿತು.
ತಂತಿಗರಗಸ ಎರಡು ಸಲ ತುಂಡಾಯಿತು.
ಸಪೋಟದ ಗಂಟಿನಿಂದ ಹುಣಸೆಬೀಜದಷ್ಟು ಕೊಯ್ದು
ಬೀಟೆಯಲ್ಲಿ ಅದರ ಗೂಡು ತೋಡಿ
ಅಂಟು ಹಾಕಿ, ದಾರ ಸುತ್ತಿ, ರಾತ್ರಿ ಬಿಟ್ಟೆ.
ಬೆಳಿಗ್ಗೆ ಉಜ್ಜಿದೆ.
ಉಜ್ಜುತ್ತಲೇ ಇದ್ದೆ.

ಉಸ್ತಾದ್ ಗೌಸ್ ಪೀರ್ ನಮ್ಮ ಕಣ್ಣಿಗೆ ಟವೆಲ್ ಕಟ್ಟಿ
ಹಲಗೆಯ ಮೇಲೆ ಬೆರಳು ಎಳೆಸುತ್ತಿದ್ದರು.
ಬೆರಳು ನಿಂತರೆ ಕೆಲಸ ಕೂತಿಲ್ಲ,
ಕಿತ್ತು ಮತ್ತೆ ಕೂರಿಸು, ಅನ್ನುತ್ತಿದ್ದರು.
ಹನ್ನೊಂದು ವರ್ಷದ ಹುಡುಗ ನಾನು.
ಊಟ ಬಿಟ್ಟು ಕಿತ್ತಿದ್ದೇನೆ.

ಗುರುವಾರ ಬಂದಳು. ಕಣ್ಣು ಮುಚ್ಚಿ ಹಿಡಿದಳು,
ತಿರುಗಿಸಿದಳು, ಮತ್ತೆ ತಿರುಗಿಸಿದಳು.
"ಬೆಣ್ಣೆ ಇದ್ದಂಗದೆ ಸಾಬ್ರೆ.
ಆದ್ರೆ ಯಾವ ಕಡೆ ಅಂತ ಗೊತ್ತಾಗಾಕಿಲ್ವಲ್ಲ."

ಆ ಮಾತಿಗೆ ಏನನ್ನಬೇಕೋ ತಿಳಿಯಲಿಲ್ಲ.
ಟೀ ತರಿಸಿದೆ.
ಅವಳೆದುರೇ ತುಂಡನ್ನು ಕಿತ್ತು ತೆಗೆದೆ,
ಇನ್ನೊಂದು ಕೊಯ್ದೆ, ಅದರ ಗೂಡಿನ ತಳಕ್ಕೆ
ಲಗ್ನಪತ್ರಿಕೆಯ ಒಂದು ಚೂರು ಕೊಟ್ಟೆ.
ಅಷ್ಟೇ ಎತ್ತರ ತಲೆಯೆತ್ತಿ ನಿಂತಿತು ಸಪೋಟ.
ಅಂಟು ಆರುವತನಕ ಅವಳು ಹೊಸ್ತಿಲಲ್ಲಿ ಕೂತು
ತಬ್ರೇಜನ ಮದುವೆಯ ವಿಚಾರ ಕೇಳಿದಳು.
ನನ್ನ ಕೈ ತಾನಾಗಿ ಉಜ್ಜುಕಾಗದಕ್ಕೆ ಹೋಯಿತು.
ತಬ್ರೇಜನನ್ನು ಕರೆದು, ಇದನ್ನು ಒಳಗಿಡು ಅಂದೆ.

ಮೊಳೆ ಬಡಿದು ಕೊಟ್ಟೆ.
ಅವಳು ಕಣ್ಣು ಮುಚ್ಚಿದಳು.
ಹೆಬ್ಬೆಟ್ಟು ಬೀಟೆಯ ಮೇಲೆ ಜಾರಿ ಜಾರಿ
ಒಂದು ಕಡೆ ನಿಂತಿತು.

ಮಾತಿಲ್ಲ. ಪೊರಕೆಯಿಂದ ಒಂದು ಕಡ್ಡಿ ಎಳೆದು
ಓರೆಯಾಗಿ ಕೊಯ್ದು ಮೂಸಿ ನೋಡಿ ಬಿಸಾಡಿದಳು.
ಇನ್ನೂರು ರೂಪಾಯಿ ಎಣಿಸಿ, ಐದೂವರೆ ಬಸ್ಸು ಅನ್ನುತ್ತ ಹೋದಳು.

ದೀಪ ಆರಿಸುವ ಮುಂಚೆ
ಅಂಗಡಿಗೆ ಹೋಗಬೇಕಿದ್ದ ಹಲಗೆಯ ಮೇಲೆ
ಸುಮ್ಮನೆ ಬೆರಳಿಟ್ಟೆ.
ಆನೆ ದಾಟಿತು, ಹೊಳೆ ದಾಟಿತು,
ಚಂದ್ರನ ಮೇಲೆ ಹಾದು
ಚೌಕಟ್ಟಿನ ಅಂಚಿಗೆ ಬಂದು
ಕೆಳಗೆ ಬಿತ್ತು.